ನದಿಗೆ ಅರಗುವುದೆಷ್ಟು, ಅರಗದ್ದೆಷ್ಟು

1855ರ ಜುಲೈ ತಿಂಗಳಲ್ಲಿ ಒಂದು ದಿನ ಮೈಕೆಲ್ ಫ್ಯಾರಡೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಉಗಿದೋಣಿ ಹತ್ತಿ ಹೊರಟಿದ್ದರು. ವಿದ್ಯುತ್ತು, ಅಯಸ್ಕಾಂತಗಳ ಮೇಲೆ ಕೆಲಸ ಮಾಡಿದರಲ್ಲ, ಅದೇ ಫ್ಯಾರಡೆ. ನೀರು ಕಂದುಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಅವರು ಕೆಲವು ಬಿಳಿ ಕಾರ್ಡುಗಳನ್ನು ಹರಿದು ಚೂರು ಮಾಡಿದರು, ತೇಲದೆ ಮುಳುಗಲಿ ಎಂದು ಒದ್ದೆ ಮಾಡಿದರು, ದೋಣಿ ನಿಂತ ಕಟ್ಟೆಕಟ್ಟೆಯಲ್ಲೂ ಒಂದಷ್ಟು ಚೂರುಗಳನ್ನು ನೀರಿಗೆ ಬಿಟ್ಟರು. ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಒಂದು ಇಂಚು ಇಳಿಯುವಷ್ಟರಲ್ಲಿ ಕಾಗದ ಕಾಣದಾಯಿತು. ಅದನ್ನೇ ಬರೆದು ಪತ್ರಿಕೆಗೆ ಕಳಿಸಿದರು. ಮೂರು ವರ್ಷ ಕಳೆದು, 1858ರ ಬೇಸಿಗೆಯಲ್ಲಿ, ನದಿಯ ದಡದಲ್ಲೇ ಇದ್ದ ಪಾರ್ಲಿಮೆಂಟಿನ ಒಳಗೆ ಕೂತಿರಲಾರದಷ್ಟು ದುರ್ನಾತ ಎದ್ದ ಮೇಲೆ ಲಂಡನ್ನಿಗೆ ದೊಡ್ಡ ಒಳಚರಂಡಿ ಬಂತು.

ಇಲ್ಲಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನದಿ ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಇವತ್ತಿಗೂ ನಾವು ಹೆಚ್ಚುಕಡಿಮೆ ಫ್ಯಾರಡೆಯ ಕಾರ್ಡನ್ನೇ ನಂಬುತ್ತೇವೆ. ಬಣ್ಣ ಹೇಗಿದೆ, ವಾಸನೆ ಬರುತ್ತಿದೆಯೇ, ನೊರೆ ಇದೆಯೇ, ಇಷ್ಟೇ. ಆದರೆ ನೀರಿನಲ್ಲಿ ಕರಗಿದ್ದು ಕಣ್ಣಿಗೆ ಬೀಳುವುದಿಲ್ಲ. ಒಂದು ಲೋಟ ತಿಳಿನೀರಿಗೆ ಒಂದು ಚಮಚ ಉಪ್ಪು ಹಾಕಿ ಕದಡಿ ನೋಡಿ, ಕಾರ್ಡು ತಳದವರೆಗೂ ಸ್ಪಷ್ಟವಾಗಿ ಕಾಣುತ್ತದೆ. ನಗರ ದಾಟಿ ಬರುವ ನದಿಯ ಕಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಕರಗಿ ಹೋಗಿರುತ್ತದೆ.

ಮುಂದಕ್ಕೆ ಹೋಗುವ ಮೊದಲು ಈ ಮೇಜಿನ ಮೇಲಿನ ಗಾಜಿನ ಲೋಟ ನೋಡಿ. ಇದರಲ್ಲಿ ಬಟ್ಟಿ ಇಳಿಸಿದ ನೀರಿದೆ, ಕ್ಷಾರ ತಗಲಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಫಿನಾಫ್ತಲೀನ್ ಕೆಲವು ಹನಿ ಹಾಕಿದ್ದೇನೆ. ಈಗ ಬಣ್ಣವಿಲ್ಲ. ಆಗತಾನೆ ಒಡೆದ ಕಾಂಕ್ರೀಟಿನ ಚೂರೊಂದನ್ನು ಇದರೊಳಗೆ ಬಿಡುತ್ತೇನೆ. ಅದು ಅಲ್ಲೇ ಇರಲಿ, ಸ್ವಲ್ಪ ಹೊತ್ತಿನ ಮೇಲೆ ಅದರ ಹತ್ತಿರ ಬರೋಣ.

ನಗರ ನದಿಗೆ ಕೊಡುವುದನ್ನೆಲ್ಲ ನಾನು ಎರಡು ಗುಂಪು ಮಾಡಿಕೊಂಡಿದ್ದೇನೆ. ನದಿಗೆ ಅರಗುವಂಥದ್ದು, ಅರಗದಂಥದ್ದು. ಅರಗುವುದು ಎಂದರೆ ಹೇಗೆ ಎನ್ನುವುದನ್ನು ಮೊದಲು ನೋಡೋಣ.

ನದಿಯ ನೀರಿನಲ್ಲಿ ಗಾಳಿಯ ಆಮ್ಲಜನಕ ಕರಗಿರುತ್ತದೆ. ಎಷ್ಟು? 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಇಷ್ಟೇ ಇಷ್ಟು. ಮೀನು, ಏಡಿ, ಹುಳು, ಬ್ಯಾಕ್ಟೀರಿಯಾ ಎಲ್ಲವೂ ಇದರಲ್ಲೇ ಬದುಕಬೇಕು. ಕೊಳಚೆ ನೀರು ಬಂದು ಸೇರಿದಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಕೊಳಚೆಯನ್ನು ತಿನ್ನುತ್ತವೆ, ತಿನ್ನುತ್ತಾ ಆಮ್ಲಜನಕವನ್ನು ಉಸಿರಾಡುತ್ತವೆ. ಒಂದು ಲೀಟರ್ ಕೊಳಚೆಯನ್ನು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎನ್ನುವ ಲೆಕ್ಕಕ್ಕೇ ಬಿಒಡಿ ಎನ್ನುತ್ತಾರೆ. ಮನೆಗಳಿಂದ ನೇರವಾಗಿ ಬಂದ ಕೊಳಚೆಯಲ್ಲಿ ಅದು 200 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ನದಿಯ ಕೈಯಲ್ಲಿರುವುದು ಎಂಟೋ ಒಂಬತ್ತೋ. ಒಂದು ಲೀಟರ್ ಕೊಳಚೆ ಇಪ್ಪತ್ತಕ್ಕೂ ಹೆಚ್ಚು ಲೀಟರ್ ಒಳ್ಳೆಯ ನೀರಿನ ಉಸಿರನ್ನು ಪೂರ್ತಿ ಹೀರಿಬಿಡಬಲ್ಲದು.

ನದಿಯೂ ಸುಮ್ಮನೆ ಕೂರುವುದಿಲ್ಲ. ಹರಿಯುತ್ತಾ, ಕಲ್ಲಿಗೆ ಬಡಿಯುತ್ತಾ ಗಾಳಿಯಿಂದ ಮತ್ತೆ ಆಮ್ಲಜನಕ ಎಳೆದುಕೊಳ್ಳುತ್ತದೆ. ಖರ್ಚಾಗುವ ವೇಗ ಒಂದು ಕಡೆ, ತುಂಬಿಕೊಳ್ಳುವ ವೇಗ ಇನ್ನೊಂದು ಕಡೆ. ಈ ಎರಡನ್ನೂ ಒಂದೇ ಸಮೀಕರಣದಲ್ಲಿ ಕೂರಿಸಿದವರು ಅಮೆರಿಕದ ಸ್ಟ್ರೀಟರ್ ಮತ್ತು ಫೆಲ್ಪ್ಸ್. ಒಹಾಯೋ ನದಿಯನ್ನು ಅಳೆದು 1925ರಲ್ಲಿ ಪ್ರಕಟಿಸಿದರು. ಅವರ ರೇಖಾಚಿತ್ರ ತೊಟ್ಟಿಲಿನ ಹಾಗಿದೆ. ಕೊಳಚೆ ಸೇರಿದ ಜಾಗದಿಂದ ಆಮ್ಲಜನಕ ಇಳಿಯುತ್ತಾ ಹೋಗಿ, ಎಲ್ಲೋ ಒಂದು ಕಡೆ ತಳ ಮುಟ್ಟಿ, ಆಮೇಲೆ ನಿಧಾನಕ್ಕೆ ಏರುತ್ತದೆ. ಇದರಲ್ಲಿ ಒಂದು ವಿಷಯವನ್ನು ಗಮನಿಸಬೇಕು. ತಳ ಮುಟ್ಟುವ ಜಾಗ ಚರಂಡಿಯ ಬಾಯಿಯಲ್ಲಿ ಇರುವುದಿಲ್ಲ, ಅಲ್ಲಿಂದ ಕೆಳಗೆ, ಒಂದೆರಡು ದಿನ ಹರಿದ ಮೇಲೆ ಸಿಗುತ್ತದೆ. ಮೀನು ಸತ್ತು ತೇಲುವುದು ಒಂದೂರಿನಲ್ಲಿ, ಕಾರಣ ಇರುವುದು ಅದರ ಮೇಲಿನ ಊರಿನಲ್ಲಿ. ಸತ್ತ ಮೀನು ಕಂಡ ಊರಿನವರು ತಮ್ಮ ದಡದಲ್ಲೇ ತಪ್ಪು ಹುಡುಕುತ್ತಿರುತ್ತಾರೆ.

ಆಮ್ಲಜನಕ ಪೂರ್ತಿ ಮುಗಿದರೆ? ಬ್ಯಾಕ್ಟೀರಿಯಾಗಳು ನಿಲ್ಲುವುದಿಲ್ಲ, ಉಸಿರಾಡಲು ಬೇರೆ ದಾರಿ ಹಿಡಿಯುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ತುಕ್ಕು, ಆಮೇಲೆ ಸಲ್ಫೇಟ್. ಸಲ್ಫೇಟಿಗೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಆ ಗಂಧಕ ಕಬ್ಬಿಣದ ಜೊತೆ ಕೂಡಿದರೆ ತಳದ ಹೂಳು ಕಪ್ಪಾಗುತ್ತದೆ. ಅಷ್ಟರತನಕ ತುಕ್ಕಿಗೆ ಅಂಟಿಕೊಂಡು ತೆಪ್ಪಗಿದ್ದ ರಂಜಕ ಬಿಡುಗಡೆಯಾಗಿ ನೀರಿಗೆ ಬಂದು, ಪಾಚಿಗೆ ಗೊಬ್ಬರವಾಗುತ್ತದೆ. ಕೋಲು ಹಾಕಿ ಕೆದಕಿದಾಗ ಕಪ್ಪು ಕೆಸರು, ಗುಳ್ಳೆ, ನಾತ ಬಂದರೆ ಇಷ್ಟು ರಸಾಯನಶಾಸ್ತ್ರ ಅಲ್ಲಿ ನಡೆದುಹೋಗಿದೆ ಎಂದು ತಿಳಿಯಿರಿ.

ಲಂಡನ್ನಿನ ಒಳಚರಂಡಿ ಕೊಳಚೆಯನ್ನು ಊರಿನ ಕೆಳಕ್ಕೆ ಸಾಗಿಸಿತು, ಇಲ್ಲವಾಗಿಸಲಿಲ್ಲ. ನೂರು ವರ್ಷ ಕಳೆದ ಮೇಲೆ, 1957ರಲ್ಲಿ, ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಥೇಮ್ಸ್ ಜೈವಿಕವಾಗಿ ಸತ್ತಿದೆ ಎಂದು ಹೇಳಬೇಕಾಯಿತು. ಆಮೇಲೆ ಸಂಸ್ಕರಣಾ ಘಟಕಗಳನ್ನು ಸರಿಯಾಗಿ ಕಟ್ಟಿದರು, ನದಿ ಚೇತರಿಸಿಕೊಂಡಿತು, ಮೀನು ಮರಳಿದವು. ಇದನ್ನು ನಾನು ಒತ್ತಿ ಹೇಳುತ್ತೇನೆ. ಅರಗುವಂಥ ಕೊಳೆಯ ವಿಷಯದಲ್ಲಿ ಏನು ಮಾಡಬೇಕೆಂದು ನಮಗೆ ಚೆನ್ನಾಗಿ ಗೊತ್ತಿದೆ. ಸಂಸ್ಕರಣಾ ಘಟಕ ಮಾಡುವುದೂ ನದಿ ಮಾಡುವ ಕೆಲಸವನ್ನೇ. ಅದೇ ಬ್ಯಾಕ್ಟೀರಿಯಾ, ಅದೇ ಆಮ್ಲಜನಕ. ನದಿಗೆ ದಿನಗಟ್ಟಲೆ ಹಿಡಿಯುವುದನ್ನು ತೊಟ್ಟಿಯಲ್ಲಿ ಗಾಳಿ ಊದಿ ಗಂಟೆಗಳಲ್ಲಿ ಮುಗಿಸುತ್ತದೆ. ಇಷ್ಟು ಗೊತ್ತಿದ್ದೂ ಹಸಿ ಕೊಳಚೆಯನ್ನು ನದಿಗೆ ಬಿಡುವ ನಗರ ಜಗತ್ತಿನಲ್ಲಿ ಎಲ್ಲೇ ಇರಲಿ, ಅದಕ್ಕೆ ವಿಜ್ಞಾನದ ಕೊರತೆ ಎಂಬ ನೆಪ ಇಲ್ಲ.

ಕೊಳಚೆಯಲ್ಲಿ ಇನ್ನೊಂದು ಇದೆ, ಅಮೋನಿಯಾ. ಮೂತ್ರದ ಯೂರಿಯಾ ಒಡೆದು ಆಗುವುದು. ಇದೂ ಅರಗುತ್ತದೆ, ಆದರೆ ದುಬಾರಿ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ಅದಕ್ಕಿಂತ ಮುಖ್ಯವಾದದ್ದು, ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ. ಒಂದು ಅಮೋನಿಯಂ ಅಯಾನು, ಮೀನಿಗೆ ಅಷ್ಟೇನೂ ಕೆಡುಕಲ್ಲ. ಇನ್ನೊಂದು ಬರಿಯ ಅಮೋನಿಯಾ, ಕಿವಿರಿನ ಮೂಲಕ ನೇರ ಒಳಗೆ ಹೋಗಿ ಕೊಲ್ಲುವಂಥದ್ದು. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. ಏಳು ನಡುವಿನದು, ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 9 ಆದರೆ ಮೂರನೇ ಒಂದು ಭಾಗವನ್ನೂ ದಾಟುತ್ತದೆ. ಅಮೋನಿಯಾ ಒಂದು ಹನಿಯೂ ಹೆಚ್ಚಿಲ್ಲ, ನೀರು ಸ್ವಲ್ಪ ಕ್ಷಾರಕ್ಕೆ ತಿರುಗಿದೆ, ಅಷ್ಟೇ. ಮೀನು ಸಾಯುತ್ತದೆ.

ನೀರು ಕ್ಷಾರಕ್ಕೆ ತಿರುಗುವುದು ಹೇಗೆ? ಈಗ ಲೋಟದ ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕಾಣಲಿ ಎಂದು ಎತ್ತಿ ಹಿಡಿಯುತ್ತೇನೆ. ಕಾಂಕ್ರೀಟಿನ ಚೂರಿನ ಸುತ್ತ ಗುಲಾಬಿ ಬಣ್ಣ ಹೊಗೆಯ ಹಾಗೆ ಏಳುತ್ತಿದೆ, ನೋಡಿ. ಅಲುಗಿಸಿದರೆ ಲೋಟವೆಲ್ಲ ಗುಲಾಬಿ. ಸಿಮೆಂಟಿನೊಳಗೆ ಸುಣ್ಣ ಇದೆ, ಅದು ನೀರಿಗೆ ಬಿಡುತ್ತಿದೆ.

ಮೋಡದಿಂದ ಬೀಳುವ ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ, ಪಿಎಚ್ ಸುಮಾರು 5.6. ಕಾಡಿನಲ್ಲಿ ಆ ನೀರು ತರಗೆಲೆ, ಮಣ್ಣು, ಬಂಡೆ ಎಂದು ತಿಂಗಳುಗಟ್ಟಲೆ ಇಳಿದು ತೊರೆ ಸೇರುತ್ತದೆ. ಆ ಊರಿನ ಬಂಡೆಯ ರುಚಿಯೇ ಆ ತೊರೆಯ ರುಚಿ. ನಗರದಲ್ಲಿ ಅದೇ ಮಳೆ ಚಾವಣಿ, ಅಂಗಳ, ಕಾಲುದಾರಿ, ಕಾಂಕ್ರೀಟ್ ಕೊಳವೆ ಎಂದು ಕೆಲವೇ ನಿಮಿಷಗಳಲ್ಲಿ ನದಿಯಲ್ಲಿರುತ್ತದೆ. ದಾರಿಯುದ್ದಕ್ಕೂ ಸಿಮೆಂಟಿನ ಸುಣ್ಣವನ್ನು ಕರಗಿಸುತ್ತಾ ಹೋಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳಲ್ಲಿ ನೀರು ಗುಹೆ ಕೊರೆಯುವುದೂ ಹೀಗೆಯೇ. ನಾವು ಕೈಯಾರೆ ಕಟ್ಟಿರುವುದು ಒಂದು ಸುಣ್ಣಕಲ್ಲಿನ ಗುಡ್ಡವನ್ನೇ. ಆಸ್ಟ್ರೇಲಿಯಾದ ಸಿಡ್ನಿಯ ಸುತ್ತಮುತ್ತ ಮರಳುಗಲ್ಲಿನ ನೆಲ. ಅಲ್ಲಿನ ಕಾಡಿನ ತೊರೆಗಳು ಸಹಜವಾಗಿಯೇ ಹುಳಿ, ಲವಣಾಂಶ ಬಲು ಕಡಿಮೆ. ಪಕ್ಕದಲ್ಲೇ ಅದೇ ಕಲ್ಲಿನ ಮೇಲೆ ಹರಿಯುವ ನಗರದ ತೊರೆಗಳಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ತುಂಬಿ ನೀರು ಕ್ಷಾರವಾಗಿದೆ. ಹುಳಿ ನೀರಿಗೆ ಒಗ್ಗಿಕೊಂಡು ಬಂದ ಹುಳು ಹುಪ್ಪಟೆಗಳಿಗೆ ಅದು ಪರದೇಶ.

ಅದೇ ಕ್ಷಾರ ನೀರಿಗೆ ಕೊಳಚೆಯ ಅಮೋನಿಯಾ ಸೇರಲಿ. ರಂಜಕ ತಿಂದು ಕೊಬ್ಬಿದ ಪಾಚಿಯೂ ಇರಲಿ. ಪಾಚಿ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ, ಮಧ್ಯಾಹ್ನದ ಹೊತ್ತಿಗೆ ಪಿಎಚ್ ಅನ್ನು ಇನ್ನಷ್ಟು ಮೇಲೆ ತಳ್ಳುತ್ತದೆ. ಬೆಳಗ್ಗೆ ಎಂಟಕ್ಕೆ ನೀರು ತುಂಬಿಸಿಕೊಂಡು ಹೋದ ಪರೀಕ್ಷಕರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಮೀನು ಒದ್ದಾಡುತ್ತಿರುತ್ತದೆ. ಒಂದೊಂದು ಮಾಲಿನ್ಯವನ್ನೂ ಬೇರೆ ಬೇರೆ ಕೋಷ್ಟಕದಲ್ಲಿ ಬರೆದು, ಒಂದೊಂದೂ ಮಿತಿಯೊಳಗಿದೆ ಎಂದು ಸಹಿ ಹಾಕುವ ಪದ್ಧತಿಯ ಬಗ್ಗೆ ನನಗೆ ಇರುವ ತಕರಾರು ಇದು. ನದಿಯಲ್ಲಿ ಅವು ಬೇರೆ ಬೇರೆ ಕೋಷ್ಟಕದಲ್ಲಿ ಇರುವುದಿಲ್ಲ.

ಇನ್ನು ಅರಗದೇ ಇರುವುದಕ್ಕೆ ಬರುತ್ತೇನೆ. ಮೊದಲನೆಯದು ಉಪ್ಪು.

ಕ್ಲೋರೈಡನ್ನು ಯಾವ ಬ್ಯಾಕ್ಟೀರಿಯವೂ ತಿನ್ನುವುದಿಲ್ಲ, ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ಗಾಳಿಗೆ ಹಾರಿಹೋಗುವುದೂ ಇಲ್ಲ. ನೀರು ಹೋದಲ್ಲೆಲ್ಲ ಅದೂ ಹೋಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ಜಗತ್ತಿನಲ್ಲಿ ಒಬ್ಬ ವಯಸ್ಕರು ದಿನಕ್ಕೆ ಸರಾಸರಿ ಸುಮಾರು 10 ಗ್ರಾಂ ಉಪ್ಪು ತಿನ್ನುತ್ತಾರೆ. ತಿಂದದ್ದು ಬಹುಪಾಲು ಮೂತ್ರದಲ್ಲಿ ಹೊರಗೆ ಬರುತ್ತದೆ. 10 ಲಕ್ಷ ಜನರ ನಗರ ಎಂದರೆ ದಿನಕ್ಕೆ 10 ಟನ್. ಒಂದು ಲಾರಿ ತುಂಬ ಉಪ್ಪನ್ನು ದಿನಾ ಬೆಳಗ್ಗೆ ಸೇತುವೆಯ ಮೇಲೆ ನಿಲ್ಲಿಸಿ ನದಿಗೆ ಸುರಿದ ಹಾಗೆ. ಸಂಸ್ಕರಣಾ ಘಟಕ ಎಷ್ಟೇ ಚೆನ್ನಾಗಿರಲಿ, ಈ ಉಪ್ಪು ಅದರೊಳಗೆ ಹೋದಷ್ಟೇ ಹೊರಗೆ ಬರುತ್ತದೆ. ಸಾಬೂನು ಪುಡಿ, ನೀರಿನ ಗಡಸು ತೆಗೆಯುವ ಯಂತ್ರ, ಕಾರ್ಖಾನೆಗಳ ಉಪ್ಪನ್ನು ಇದರಲ್ಲಿ ಸೇರಿಸಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಇದಕ್ಕಿಂತ ದೊಡ್ಡ ಲೆಕ್ಕವಿದೆ. ಅಲ್ಲಿ ರಸ್ತೆಯ ಮೇಲಿನ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುತ್ತಾರೆ. ಅಮೆರಿಕದ ಈಶಾನ್ಯ ಭಾಗದ ತೊರೆಗಳ ಅಧ್ಯಯನವೊಂದು 2005ರಲ್ಲಿ ಬಂತು, ಬಾಲ್ಟಿಮೋರ್ ಸುತ್ತಲಿನ ತೊರೆಗಳೂ ಅದರಲ್ಲಿದ್ದವು. ಚಳಿಗಾಲದಲ್ಲಿ ಕೆಲವು ತೊರೆಗಳ ಕ್ಲೋರೈಡ್ ಸಮುದ್ರದ ನೀರಿನ ಕಾಲು ಭಾಗವನ್ನು ಮುಟ್ಟಿತ್ತು. ಆಶ್ಚರ್ಯ ಅದಲ್ಲ. ಬೇಸಿಗೆಯಲ್ಲಿ, ರಸ್ತೆಯ ಮೇಲೆ ಒಂದು ಹರಳೂ ಇಲ್ಲದ ಕಾಲದಲ್ಲಿ ನೋಡಿದರೂ ಉಪ್ಪು ಪೂರ್ತಿ ಇಳಿದಿರಲಿಲ್ಲ. ಕಾಡಿನ ತೊರೆಗಿಂತ ನೂರು ಪಟ್ಟಿನವರೆಗೂ ಇತ್ತು. ಚಳಿಗಾಲದ ಉಪ್ಪು ಅಂತರ್ಜಲಕ್ಕೆ ಇಳಿದು, ಅಲ್ಲಿಂದ ವರ್ಷವಿಡೀ ಜಿನುಗುತ್ತಿತ್ತು.

ಹೋಗುವ ದಾರಿಯಲ್ಲಿ ಉಪ್ಪು ತೆಪ್ಪಗೆ ಹೋಗುವುದಿಲ್ಲ. ಮಣ್ಣಿನ ಕಣಗಳಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ತಾಮ್ರ ಅಂಟಿಕೊಂಡಿರುತ್ತವೆ. ಸೋಡಿಯಂ ಬಂದು ಅವುಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದವು ನೀರಿಗೆ ಬರುತ್ತವೆ. ಉಪ್ಪೂ ಕ್ಷಾರವೂ ಒಟ್ಟೊಟ್ಟಿಗೆ ಏರುವ ಈ ಪರಿಯನ್ನು ಅಮೆರಿಕದಾದ್ಯಂತ ಅಳೆದು ನೋಡಿದ 2018ರ ಒಂದು ಅಧ್ಯಯನದ ಪ್ರಕಾರ, ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಆ ದೇಶದ ನದಿಪಾತ್ರಗಳ ಜಲಾನಯನ ಪ್ರದೇಶದಲ್ಲಿ ಶೇ 37ರಷ್ಟು ಕಡೆ ಒಂದು ಶತಮಾನದಲ್ಲಿ ಲವಣಾಂಶ ಹೆಚ್ಚಿದೆ, ಶೇ 90ರಷ್ಟು ಕಡೆ ಕ್ಷಾರ ಹೆಚ್ಚಿದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ಅಕ್ಷರಶಃ ನಿಜವಾದ ಊರೊಂದಿದೆ, ಮಿಷಿಗನ್ ರಾಜ್ಯದ ಫ್ಲಿಂಟ್. 2014ರ ಏಪ್ರಿಲ್‌ನಲ್ಲಿ ಆ ಊರು ಕುಡಿಯುವ ನೀರಿಗೆ ಫ್ಲಿಂಟ್ ನದಿಯನ್ನು ಹಿಡಿಯಿತು. ಹಿಂದೆ ಬರುತ್ತಿದ್ದ ಸರೋವರದ ನೀರಿಗಿಂತ ನದಿಯ ನೀರಿನಲ್ಲಿ ಕ್ಲೋರೈಡ್ ಹೆಚ್ಚು. ಕ್ಲೋರೈಡ್ ಹೆಚ್ಚಾದರೆ ನೀರು ಲೋಹವನ್ನು ಕೊರೆಯುತ್ತದೆ. ಕೊಳವೆಯ ಒಳಮೈ ಕಾಪಾಡಲು ಹಾಕಬೇಕಾದ ರಾಸಾಯನಿಕವನ್ನು ಹಾಕಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಊರಿನ ಎಂಜಿನ್ ಕಾರ್ಖಾನೆಯವರು ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಆ ನೀರನ್ನೇ ಬಿಟ್ಟರು. ಮನೆಗಳಲ್ಲಿ ಮಕ್ಕಳು ಅದನ್ನು ಕುಡಿಯುತ್ತಲೇ ಇದ್ದರು, ಹಳೆಯ ಕೊಳವೆಗಳ ಸೀಸದ ಸಮೇತ. ಎಂಜಿನ್ನಿಗೆ ಆಗದ ನೀರು ಮಕ್ಕಳಿಗೆ ಆಗುತ್ತದೆ ಎಂದು ಒಂದು ವರ್ಷ ನಡೆಸಿದ್ದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಎರಡನೆಯದು ರಸ್ತೆಯಿಂದ ಬರುವುದು. ಒಣ ದಿನಗಳಲ್ಲಿ ರಸ್ತೆಯ ಮೇಲೆ ಕೂತದ್ದೆಲ್ಲ ಮೊದಲ ಮಳೆಯ ಮೊದಲ ಅರ್ಧ ಗಂಟೆಯಲ್ಲಿ ತೊಳೆದು ಇಳಿಯುತ್ತದೆ. ಬ್ರೇಕಿನಿಂದ ತಾಮ್ರ, ಟೈರು ಮತ್ತು ಚಾವಣಿಯ ತಗಡಿನಿಂದ ಸತು, ಎಂಜಿನ್ನಿನ ಎಣ್ಣೆ. ಇವೆಲ್ಲ ಹಳೆಯ ಪರಿಚಯದವು. ಪರಿಚಯವೇ ಇಲ್ಲದ ಒಂದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಿಗೆ ಕೋಹೋ ಎಂಬ ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಬರುತ್ತದೆ. ಹಣ ಖರ್ಚು ಮಾಡಿ ತೊರೆಗಳನ್ನು ಸರಿಪಡಿಸಿದರು, ಮೀನು ಮರಳಿ ಬಂದವು. ಬಂದು, ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ಸುತ್ತು ಹೊಡೆಯುತ್ತಾ, ಬಾಯಿ ತೆರೆಯುತ್ತಾ ಸಾಯತೊಡಗಿದವು. ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆ ಇಡುವ ಮೊದಲೇ ಸತ್ತಿವೆ. ಆಮ್ಲಜನಕ ಸರಿ ಇತ್ತು. ಲೋಹಗಳನ್ನು ಬೆರೆಸಿ ನೋಡಿದರು, ಎಣ್ಣೆ ಬೆರೆಸಿ ನೋಡಿದರು, ಮೀನು ಸಾಯಲಿಲ್ಲ. ಟೈರಿನ ಪುಡಿ ನೆನೆಸಿದ ನೀರಿಗೆ ಹಾಕಿದಾಗ ಸತ್ತವು. ಆ ನೀರಿನಲ್ಲಿ 2,000ಕ್ಕೂ ಹೆಚ್ಚು ರಾಸಾಯನಿಕಗಳು. ಬಿಡಿಸುತ್ತಾ, ಒಂದೊಂದು ಭಾಗದಲ್ಲೂ ಮೀನು ಬಿಟ್ಟು ನೋಡುತ್ತಾ ಹೋದರು. ಕೊನೆಗೆ ಉಳಿದ ವಸ್ತುವಿನಲ್ಲಿ 18 ಇಂಗಾಲ, 22 ಜಲಜನಕ, 2 ಸಾರಜನಕ, 2 ಆಮ್ಲಜನಕದ ಪರಮಾಣುಗಳು. ಟೈರು ತಯಾರಿಕೆಯ ಯಾವ ಪಟ್ಟಿಯಲ್ಲೂ ಅಂಥದ್ದೊಂದು ಇಲ್ಲ.

ಇರಲಿಲ್ಲ ಏಕೆಂದರೆ ಅದನ್ನು ಯಾರೂ ಟೈರಿಗೆ ಹಾಕಿರಲೇ ಇಲ್ಲ. ಟೈರು ಬಿರಿಯದಿರಲಿ ಎಂದು ರಬ್ಬರಿಗೆ 6ಪಿಪಿಡಿ ಎಂಬುದನ್ನು ಬೆರೆಸುತ್ತಾರೆ. ಗಾಳಿಯ ಓಜೋನ್ ರಬ್ಬರನ್ನು ಕಡಿಯುವ ಮೊದಲೇ ಇದು ಎದುರು ಹೋಗಿ ಓಜೋನಿನ ಜೊತೆ ವರ್ತಿಸುತ್ತದೆ. ಹಾಗೆ ವರ್ತಿಸಿ ಹುಟ್ಟಿದ್ದೇ ಆ ವಸ್ತು, 6ಪಿಪಿಡಿ ಕ್ವಿನೋನ್. 2020ರ ಡಿಸೆಂಬರ್‌ನಲ್ಲಿ ಇದು ಪ್ರಕಟವಾಯಿತು. ಲೀಟರಿಗೆ 0.1 ಮೈಕ್ರೋಗ್ರಾಂ ಆಸುಪಾಸಿನಲ್ಲೇ ಕೋಹೋ ಮೀನುಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಅದರ ಹತ್ತಿರದ ನೆಂಟ ಚಮ್ ಸಾಲ್ಮನ್ ಅದೇ ನೀರಿನಲ್ಲಿ ಆರಾಮವಾಗಿರುತ್ತದೆ. ಹೀಗಾಗಿ ಯಾವುದೋ ಒಂದು ಮೀನಿನ ಮೇಲೆ ಪರೀಕ್ಷೆ ಮಾಡಿ, ಅದು ಬದುಕಿತು, ನೀರು ಚೆನ್ನಾಗಿದೆ ಎನ್ನಲು ಆಗುವುದಿಲ್ಲ.

ಮೂರನೆಯ ಬಗೆಯನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಹದ ಮೂಲಕವೇ ಹಾದು, ಸಂಸ್ಕರಣಾ ಘಟಕವನ್ನೂ ದಾಟಿ ಹೋಗುವಂಥವು. ಎಂಆರ್‌ಐ ತೆಗೆಯುವ ಮುಂಚೆ ಕೆಲವರಿಗೆ ಗ್ಯಾಡೊಲಿನಿಯಂ ಎಂಬ ಲೋಹ ಇರುವ ಚುಚ್ಚುಮದ್ದು ಕೊಡುತ್ತಾರೆ. ಅದು ಹಾಗೆಯೇ ಮೂತ್ರದಲ್ಲಿ ಬಂದು, ಘಟಕದಲ್ಲೂ ಬದಲಾಗದೆ ನದಿ ಸೇರುತ್ತದೆ. ಜರ್ಮನಿಯ ನದಿಗಳಲ್ಲಿ ಇದನ್ನು 1996ರಲ್ಲೇ ಪತ್ತೆ ಮಾಡಿದರು. ನದಿಯ ಗ್ಯಾಡೊಲಿನಿಯಂ ಅಳೆದರೆ ಮೇಲೆಲ್ಲೋ ದೊಡ್ಡ ಆಸ್ಪತ್ರೆಗಳ ಊರು ಇದೆ ಎಂದು ಹೇಳಬಹುದು. ಗರ್ಭನಿರೋಧಕ ಮಾತ್ರೆಯ ಹಾರ್ಮೋನಿನದು ಇನ್ನೂ ಗಂಭೀರ. ಕೆನಡಾದಲ್ಲಿ ಒಂದು ಇಡೀ ಸರೋವರಕ್ಕೆ, 2001ರಿಂದ ಮೂರು ಬೇಸಿಗೆ, ಲೀಟರಿಗೆ ಐದಾರು ನ್ಯಾನೋಗ್ರಾಂನಷ್ಟೇ ಬೆರೆಸಿ ನೋಡಿದರು. ಗಂಡುಮೀನುಗಳಲ್ಲಿ ಹೆಣ್ಣಿನ ಲಕ್ಷಣ ಬಂತು, ಒಂದು ಜಾತಿಯ ಸಣ್ಣ ಮೀನು ಆ ಸರೋವರದಿಂದ ಹೆಚ್ಚುಕಡಿಮೆ ಅಳಿದೇಹೋಯಿತು.

ಹಾಗಾದರೆ ಅರಗದ್ದಕ್ಕೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ನದಿಯ ದಡದಲ್ಲಿ ಸಿಗುವುದಿಲ್ಲ, ವಸ್ತು ತಯಾರಾಗುವಲ್ಲಿ ಸಿಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಂದ ಬಟ್ಟೆ ಒಗೆಯುವ ಪುಡಿಗಳು ನದಿಗಳ ಮೇಲೆ ಆಳುದ್ದ ನೊರೆ ಎಬ್ಬಿಸಿದವು. ಅವುಗಳ ಅಣುವಿನಲ್ಲಿದ್ದ ಇಂಗಾಲದ ಸರಪಳಿಗೆ ಕವಲುಗಳಿದ್ದವು, ಬ್ಯಾಕ್ಟೀರಿಯಾಗಳಿಗೆ ಅದನ್ನು ಕಡಿಯಲು ಆಗುತ್ತಿರಲಿಲ್ಲ. 1960ರ ದಶಕದಲ್ಲಿ ಕವಲು ತೆಗೆದು ನೇರ ಸರಪಳಿಯ ಅಣು ತಂದರು. ಅರಗದ್ದು ಅರಗುವಂಥದ್ದಾಯಿತು. ಆ ನೊರೆಯೂ ಇಳಿಯಿತು. ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿ, 2025ರ ಹೊತ್ತಿಗೆ ಬ್ರೇಕ್ ಪ್ಯಾಡ್‌ಗಳಲ್ಲಿ ತಾಮ್ರ ಶೇ 0.5 ದಾಟಬಾರದು ಎಂದಿತು. ನೀರಿನಿಂದ ತಾಮ್ರ ತೆಗೆಯುವುದಕ್ಕಿಂತ ಬ್ರೇಕಿಗೆ ಹಾಕದೇ ಇರುವುದು ಎಷ್ಟೋ ಸುಲಭ. 6ಪಿಪಿಡಿ ಇರುವ ಟೈರುಗಳಿಗೂ ಬದಲಿ ಹುಡುಕಬೇಕೆಂದು ಅದೇ ರಾಜ್ಯ 2023ರಲ್ಲಿ ತಯಾರಕರಿಗೆ ಹೇಳಿದೆ. ಅದು ಸುಲಭದ ಕೆಲಸವಲ್ಲ. ಓಜೋನಿಗೆ ಎದುರು ನಿಲ್ಲುವ, ನಿಂತ ಮೇಲೆ ಇನ್ನೊಂದು ವಿಷವಾಗದ ವಸ್ತು ಬೇಕು.

ಅಲ್ಲಿಯವರೆಗೆ ಏನು ಎಂದು ಕೇಳುವವರಿಗೆ ಸಿಯಾಟಲ್ ಕಡೆಯವರೇ ಮಾಡಿದ ಇನ್ನೊಂದು ಪ್ರಯೋಗ ಹೇಳುತ್ತೇನೆ. ಹೆದ್ದಾರಿಯಿಂದ ಹರಿದ ಅದೇ ಕಪ್ಪು ಮಳೆನೀರನ್ನು ಹಿಡಿದರು. ಅರ್ಧವನ್ನು ಹಾಗೆಯೇ ತೊಟ್ಟಿಗೆ ಬಿಟ್ಟರು, ಇನ್ನರ್ಧವನ್ನು ಮರಳು ಮತ್ತು ಎಲೆಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಇಳಿಸಿದರು. ಮೊದಲನೆಯ ತೊಟ್ಟಿಯ ಕೋಹೋಗಳು ಸತ್ತವು. ಮಣ್ಣಿನಲ್ಲಿ ಸೋಸಿದ ನೀರಿನವು ಬದುಕಿದವು. ರಸ್ತೆಯ ಪಕ್ಕ ನೀರು ಇಂಗುವ ತಗ್ಗುಪಾತಿಗಳನ್ನು ಮಾಡಿ ಗಿಡ ಹಾಕುವುದು ಅಲಂಕಾರದ ಕೆಲಸವಲ್ಲ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. ನಾವು ಡಾಂಬರು ಹಾಕಿ ಮುಚ್ಚಿದ ಮಣ್ಣು ಮಾಡುತ್ತಿದ್ದ ಕೆಲಸವೇ ಅದು. ಟೈರಿನ ವಿಷ, ಸತು, ತಾಮ್ರ ಎಲ್ಲ ಬಹುಮಟ್ಟಿಗೆ ಆ ಪಾತಿಯಲ್ಲೇ ನಿಲ್ಲುತ್ತವೆ. ಉಪ್ಪು ಮಾತ್ರ ನಿಲ್ಲುವುದಿಲ್ಲ. ಅದು ಮಣ್ಣನ್ನೂ ದಾಟಿ ಹೋಗುತ್ತದೆ, ಅದನ್ನು ಸುರಿಯುವ ಕೈಯನ್ನೇ ಹಿಡಿಯಬೇಕು.